ನಿತ್ಯಜೀವನದಲ್ಲಿ ಧ್ಯಾನ: ಶಿವಯೋಗವೂ ಝೆನ್ ಮಾರ್ಗವೂ

(ಶ್ರೀಮಠದ ಮಹೋತ್ಸವದ ಅನುಭವಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಇಂಥ ಪುಣ್ಯಸಮಾರಂಭದಲ್ಲಿ ಮಾತನಾಡುವುದಕ್ಕೆ ನಾನು ಪಂಡಿತನಲ್ಲ. ಶಾಸ್ತ್ರವನ್ನು ಗುರುಮುಖದಿಂದ ಕ್ರಮವಾಗಿ ಓದಿದವನೂ ಅಲ್ಲ. ನೇಕಾರರಿಗೆ ನೂಲು ಕೊಟ್ಟು ಅವರಿಂದ ಖಣ ಪಡೆಯುವ ವ್ಯಾಪಾರದಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದವನು. ಆದರೂ ಶ್ರೀಗಳವರ ಅಪ್ಪಣೆಯನ್ನು ಮೀರಲಾರದೆ ನಿಮ್ಮೆದುರಿಗೆ ನಿಂತಿರುವೆನು. ನಿತ್ಯಜೀವನದಲ್ಲಿ ಧ್ಯಾನವನ್ನು ಸಾಧಿಸುವುದು ಹೇಗೆ ಎಂಬುದೇ ನನ್ನ ವಿಷಯವು. ಜಪಾನ ದೇಶದ ಝೆನ್ ಎಂಬ ಧ್ಯಾನಮಾರ್ಗದ ಮಾತನ್ನೂ ಇದರಲ್ಲಿ ಎತ್ತಲಿರುವೆನು. ಗುಳೇದಗುಡ್ಡದ ಮಠದಲ್ಲಿ ಜಪಾನಿನ ಮಾತೇಕೆಂದು ತಮಗೆ ಆಶ್ಚರ್ಯವಾದೀತು. ನಮ್ಮ ಮನೆಯ ಪೆಟ್ಟಿಗೆಯಲ್ಲಿರುವ ಒಡವೆಯ ಬೆಲೆಯು ಒಮ್ಮೊಮ್ಮೆ ನೆರೆಯವರ ಒಡವೆಯನ್ನು ಕಂಡ ಮೇಲೆಯೇ ನಮಗೆ ತಿಳಿಯುವುದುಂಟು. ಕಾರಣ, ಕೊಂಚ ತಾಳ್ಮೆಯಿಂದ ಕೇಳಬೇಕೆಂದು ಪ್ರಾರ್ಥನೆ.

ಈ ವಿಷಯವು ನನ್ನ ತಲೆಯಲ್ಲಿ ಹೊಕ್ಕ ಬಗೆಯನ್ನು ಮೊದಲು ಹೇಳಿಬಿಡುತ್ತೇನೆ. ಅದು ನನಗೆ ಗೌರವ ತರತಕ್ಕ ಕಥೆಯಲ್ಲ. ಆದರೆ ಅನುಭವಗೋಷ್ಠಿಯಲ್ಲಿ ಅನುಭವವನ್ನು ಮುಚ್ಚಿಟ್ಟು ಮಾತನಾಡುವುದು ತರವಲ್ಲ.

ನಾನು ಬಾಲ್ಯದಿಂದಲೂ ಲಿಂಗಪೂಜೆಯನ್ನು ಬಿಟ್ಟವನಲ್ಲ. ಬೆಳಗಿನಲ್ಲಿ ಮಿಂದು, ವಿಭೂತಿ ಧರಿಸಿ, ಲಿಂಗವನ್ನು ಕರಸ್ಥಲಕ್ಕೆ ತಂದುಕೊಂಡು, ಪಂಚಾಕ್ಷರಿಯನ್ನು ಜಪಿಸಿ, ಅನಂತರವೇ ಅಂಗಡಿಯ ಗಾದಿಯ ಮೇಲೆ ಕೂಡ್ರುವ ನಿಯಮವು ನಮ್ಮ ಮನೆತನದ್ದು. ಹಲವು ವರ್ಷಗಳ ಹಿಂದೆ ಒಂದು ದಿನ ಹೀಗೆಯೇ ಪೂಜೆ ಮುಗಿಸಿ ಬಂದು ಕುಳಿತೆನು; ಹಣೆಯ ಮೇಲಿನ ವಿಭೂತಿಯು ಇನ್ನೂ ಹಸಿಯಾಗಿತ್ತು. ನಮ್ಮ ನೂಲಿನಿಂದ ನೇಯುತ್ತಿದ್ದ ಒಬ್ಬ ಮುದುಕಿ ತಾಯಿ ಖಣಗಳನ್ನು ತಂದಿಟ್ಟಳು. ಬಿಡಿಸಿ ನೋಡಿದರೆ ನಡುವೆ ಬಣ್ಣವು ಪಟ್ಟೆಪಟ್ಟೆಯಾಗಿ ಮಾಸಿದಂತಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ನಾಲ್ಕು ಜನರೆದುರಿಗೆ ಅವಳನ್ನು ಬಾಯಿಗೆ ಬಂದಂತೆ ಬೈದು ಮಜೂರಿಯಲ್ಲಿ ಹಣ ಮುರಿದುಕೊಂಡೆನು. ಅವಳು ಎದುರು ನುಡಿಯಲಿಲ್ಲ. ಸೆರಗು ಸರಿಪಡಿಸಿಕೊಂಡು ಎದ್ದು ನಿಂತು, ನನ್ನ ಹಣೆಯನ್ನೊಮ್ಮೆ ನೋಡಿ, "ಸಾವ್ಕಾರ್ರ, ಪೂಜಿ ಆಗೇತ್ರಿ, ಇಲ್ಲಾ ಇನ್ನೂ ಮಾಡವ್ರದೀರಿ?" ಎಂದು ಕೇಳಿ ಹೊರಟುಹೋದಳು.

ಆ ಮಾತಿನಲ್ಲಿ ವ್ಯಂಗ್ಯವಿದ್ದಿತೋ ಇಲ್ಲವೋ ನಾನರಿಯೆ. ಮಧ್ಯಾಹ್ನ ಬಣ್ಣದ ಲಡಿಗಳನ್ನು ಎಣಿಸುವಾಗ ಸಂಗತಿಯು ಬಯಲಾಯಿತು. ಎರಡು ಬೇರೆ ಬೇರೆ ಸಲ ಅದ್ದಿದ ಲಡಿಗಳನ್ನು ಒಂದೇ ಕಟ್ಟಿನಲ್ಲಿ ಕಟ್ಟಿ ಅವಳಿಗೆ ಕೊಟ್ಟವನು ನಾನೇ. ತಪ್ಪು ನನ್ನದು, ಬೈಗುಳು ಅವಳಿಗೆ. ಸಂಜೆಗೆ ಮುರಿದುಕೊಂಡ ಹಣವನ್ನು ತೆಗೆದುಕೊಂಡು ಅವಳ ಮನೆಗೆ ಹೋದೆನು. ಅವಳು ಕುಣಿಯ ಮಗ್ಗದಲ್ಲಿ ಕುಳಿತಿದ್ದಳು. ಒಂದು ಎಳೆ ಹರಿದಿತ್ತು. "ಕುಂದರ್ರಿ, ಈ ಎಳಿ ಕಟ್ಟಿ ಬರ್ತೀನಿ" ಎಂದಳು. ನಾನು ಬಂದೆನೆಂದು ಆತುರಪಡಲಿಲ್ಲ. ಬೆಳಗಿನ ಅವಮಾನವನ್ನು ನೆನೆದು ಕೈ ನಡುಗಿಸಲಿಲ್ಲ. ಹರಿದ ಎಳೆಯ ಎರಡು ತುದಿಗಳನ್ನು ಹುಡುಕಿ, ಗಂಟು ಹಾಕಿ, ಬೆರಳಿನಿಂದ ಸವರಿ ನೋಡಿ, ಆಮೇಲೆ ಮುಖವೆತ್ತಿದಳು. ಹಣವನ್ನು ಮುಂದಿಟ್ಟು ಕ್ಷಮೆ ಬೇಡಿದೆನು. ಅವಳು ನೀರು ಕೊಟ್ಟಳು. ಅಂದು ಮನೆಗೆ ಮರಳುವಾಗ ನನಗೆ ಹೊಳೆದುದಿಷ್ಟೇ: ಬೆಳಿಗ್ಗೆ ಲಿಂಗದೆದುರಿಗೆ ನಾನು ಕುಳಿತಿದ್ದೆ, ಆದರೆ ನನ್ನ ಮನಸ್ಸು ಕುಳಿತಿರಲಿಲ್ಲ. ಆ ತಾಯಿಯ ಮನಸ್ಸು ಮಗ್ಗದಲ್ಲಿಯೂ ಕುಳಿತಿತ್ತು.

ಈ ಕೊರತೆಯನ್ನು ತುಂಬಿಕೊಳ್ಳುವುದು ಹೇಗೆಂಬ ಹಂಬಲದಿಂದ ನನಗೆ ದೊರೆತ ಗ್ರಂಥಗಳನ್ನೆಲ್ಲ ಓದತೊಡಗಿದೆನು. ಹಾಗೆ ಓದುವಾಗ ಝೆನ್ ಮಾರ್ಗದ ಪರಿಚಯವಾಯಿತು.

ಝೆನ್ ಎಂಬ ಶಬ್ದವು ಕೇಳಲು ಹೊಸದಾದರೂ ಅದರ ಬೇರು ನಮ್ಮ ನೆಲದ್ದೇ. ಸಂಸ್ಕೃತದ 'ಧ್ಯಾನ' ಶಬ್ದವು ಪಾಲಿಯಲ್ಲಿ 'ಝಾನ'ವಾಯಿತು; ಚೀನದಲ್ಲಿ 'ಚಾನ್' ಆಯಿತು; ಜಪಾನಿನಲ್ಲಿ 'ಝೆನ್' ಆಯಿತು. ಬೋಧಿಧರ್ಮನೆಂಬ ಭಿಕ್ಷುವು ದಕ್ಷಿಣ ಭಾರತದಿಂದ ಚೀನಕ್ಕೆ ಹೋಗಿ, ಗೋಡೆಗೆ ಮುಖಮಾಡಿ ಒಂಬತ್ತು ವರ್ಷ ಧ್ಯಾನಸ್ಥನಾಗಿ ಕುಳಿತನೆಂದೂ, ಅವನೇ ಈ ಮಾರ್ಗಕ್ಕೆ ಮೂಲಪುರುಷನೆಂದೂ ಆ ಪರಂಪರೆಯವರು ಹೇಳುವರು. ಬೌದ್ಧರ ಧ್ಯಾನವು ನಮ್ಮ ಸೀಮೆಗೂ ಅಪರಿಚಿತವಾಗಿರಲಿಲ್ಲ. ಐಹೊಳೆಗೆ ಹೋದವರು ಮೇಗುಟಿ ಗುಡ್ಡದ ಇಳಿಜಾರಿನಲ್ಲಿ ಬಂಡೆಗೆ ಒರಗಿ ನಿಂತಿರುವ ಎರಡಂತಸ್ತಿನ ಬೌದ್ಧ ಗುಡಿಯನ್ನು ನೋಡಿರಬಹುದು. ನಾವು ಜಾತ್ರೆಗೆ ಹೋಗುವ ದಾರಿಗಳಲ್ಲಿಯೇ ಒಂದು ಕಾಲಕ್ಕೆ ಬೌದ್ಧರೂ ಜೈನರೂ ಶೈವರೂ ತಮ್ಮ ತಮ್ಮ ರೀತಿಯಿಂದ ಕಣ್ಣು ಮುಚ್ಚಿ ಕುಳಿತಿದ್ದರು.

ಝೆನ್ ಅಭ್ಯಾಸದ ಕ್ರಮವು ಬಹು ಸರಳವಾದುದು. ದಪ್ಪನೆಯ ದಿಂಬಿನ ಮೇಲೆ ಕಾಲು ಮಡಿಚಿ ಕುಳಿತುಕೊಳ್ಳುವರು. ಬೆನ್ನೆಲುಬು ನೆಟ್ಟಗಿರಬೇಕು. ಎರಡು ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದಿಟ್ಟು ಹೆಬ್ಬೆರಳ ತುದಿಗಳನ್ನು ಹಗುರಾಗಿ ತಾಗಿಸುವರು. ಕಣ್ಣು ಪೂರ್ಣ ಮುಚ್ಚಕೂಡದು. ಅರ್ಧ ತೆರೆದು ದೃಷ್ಟಿಯನ್ನು ಕೆಳಗೆ ಇಳಿಸಬೇಕು. ಹೊಸಬರು ಉಸಿರನ್ನು ಒಂದರಿಂದ ಹತ್ತರವರೆಗೆ ಎಣಿಸುವರು. ನಡುವೆ ಮನಸ್ಸು ಸಂತೆಗೆ ಹೋಯಿತೆಂದು ತಿಳಿದೊಡನೆ, ಅದನ್ನು ಬೈಯದೆ, ಮತ್ತೆ ಒಂದರಿಂದ ಆರಂಭಿಸುವರು. ಇಷ್ಟೇ ಅದರ ಪಾಠ. ಕೇಳುವುದಕ್ಕೆ ಮಕ್ಕಳಾಟದಂತಿದೆ; ಮಾಡಿ ನೋಡಿದರೆ ನಾಲ್ಕನ್ನು ದಾಟುವುದೇ ಕಠಿಣವಾಗುವುದು. ನಾನು ಮೊದಲ ದಿನ ಮೂರಕ್ಕೆ ಬರುವಷ್ಟರಲ್ಲಿ ಬಾಕಿದಾರರ ಲೆಕ್ಕವನ್ನೆಲ್ಲ ಮುಗಿಸಿದ್ದೆನು!

ಆದರೆ ನನ್ನ ಮನಸ್ಸನ್ನು ಸೆಳೆದುದು ಈ ಆಸನಕ್ಕಿಂತಲೂ ಆ ಮಾರ್ಗದವರು ಆಸನದಿಂದ ಎದ್ದ ಮೇಲೆ ಏನು ಮಾಡುವರೆಂಬುದು. ಕಸ ಗುಡಿಸುವುದು, ಕಟ್ಟಿಗೆ ಒಡೆಯುವುದು, ಅಕ್ಕಿ ತೊಳೆಯುವುದು, ಇವೆಲ್ಲವೂ ಅವರಿಗೆ ಧ್ಯಾನದ ಮುಂದುವರಿಕೆಯೇ ಹೊರತು ಧ್ಯಾನಕ್ಕೆ ಬಂದ ಅಡ್ಡಿಯಲ್ಲ. ಇದಕ್ಕೆ ಎರಡು ಕಥೆಗಳನ್ನು ಹೇಳುವೆನು.

ಜಪಾನಿನ ದೋಗೆನ್ ಎಂಬ ಆಚಾರ್ಯನು 1200ನೆಯ ಇಸ್ವಿಯಲ್ಲಿ ಹುಟ್ಟಿದವನು. ತರುಣನಾಗಿದ್ದಾಗ, 1223ರಲ್ಲಿ, ನಿಜವಾದ ಧರ್ಮವನ್ನು ಕಲಿಯಬೇಕೆಂದು ಹಡಗನ್ನೇರಿ ಚೀನಕ್ಕೆ ಹೋದನು. ಹಡಗು ಬಂದರದಲ್ಲಿ ನಿಂತಿರುವಾಗ ಅರವತ್ತು ದಾಟಿದ ಒಬ್ಬ ಮುದಿ ಭಿಕ್ಷುವು ಅಣಬೆ ಕೊಳ್ಳುವುದಕ್ಕೆ ಬಂದನು. ಆತನು ದೂರದ ಒಂದು ಮಠದ ಅಡಿಗೆಯವನು; ಮರುದಿನದ ಹಬ್ಬಕ್ಕೆ ಸಾರು ಮಾಡಬೇಕಾಗಿತ್ತು. ದೋಗೆನ್ನನು ಆತನನ್ನು ಉಪಚರಿಸಿ, ರಾತ್ರಿ ಇದ್ದು ಧರ್ಮದ ಮಾತು ಹೇಳಬೇಕೆಂದು ಬೇಡಿಕೊಂಡನು. ಆತನು ಒಪ್ಪಲಿಲ್ಲ, ನಾಳಿನ ಅಡಿಗೆ ಕೆಡುವುದೆಂದನು. ಇಷ್ಟು ವಯಸ್ಸಾದ ಮೇಲೆ ಧ್ಯಾನ ಮಾಡುತ್ತ, ಗ್ರಂಥ ಓದುತ್ತ ಕೂಡ್ರುವುದನ್ನು ಬಿಟ್ಟು ಈ ಒಲೆಯ ಕೆಲಸವೇಕೆಂದು ತರುಣನು ಕೇಳಿದಾಗ ಮುದುಕನು ಗಟ್ಟಿಯಾಗಿ ನಕ್ಕು, ಸಾಧನೆಯೆಂದರೇನೆಂಬುದು ನಿನಗಿನ್ನೂ ತಿಳಿದಿಲ್ಲವೆಂದು ಹೇಳಿ ತನ್ನ ದಾರಿ ಹಿಡಿದನು. ಆ ನಗೆಯು ದೋಗೆನ್ನನಿಗೆ ಗುರೂಪದೇಶವಾಯಿತು. ಮುಂದೆ 1237ರಲ್ಲಿ ಆತನು ಮಠದ ಅಡಿಗೆಯವರಿಗಾಗಿಯೇ ಒಂದು ಪುಸ್ತಕವನ್ನು ಬರೆದು ಈ ಪ್ರಸಂಗವನ್ನು ಅದರಲ್ಲಿ ಸೇರಿಸಿದನು.

ಎರಡನೆಯದು ಚೀನದ ಬೈಜಾಂಗ್ ಎಂಬ ಹಿರಿಯನ ಕಥೆ. ಆತನು ಮುಪ್ಪಿನಲ್ಲಿಯೂ ಶಿಷ್ಯರೊಡನೆ ಹೊಲದಲ್ಲಿ ದುಡಿಯುತ್ತಿದ್ದನು. ಶಿಷ್ಯರು ಮರುಕದಿಂದ ಒಂದು ದಿನ ಆತನ ಸಲಿಕೆಯನ್ನು ಅಡಗಿಸಿಟ್ಟರು. ಆತನು ಅಂದು ಊಟವನ್ನೇ ಮಾಡಲಿಲ್ಲ. ದುಡಿಯದ ದಿನ ಉಣ್ಣುವ ಹಕ್ಕಿಲ್ಲವೆಂಬುದು ಆತನ ನಿಯಮ. ಶಿಷ್ಯರು ಸಲಿಕೆಯನ್ನು ತಂದುಕೊಡಲೇಬೇಕಾಯಿತು.

ಶರಣಬಂಧುಗಳೇ, ಈ ಕಥೆಗಳನ್ನು ಓದುವಾಗ ನನಗೆ ಬೇರೆ ಒಂದು ಕಥೆಯು ನೆನಪಾಗಿ ಮೈ ಜುಮ್ಮೆಂದಿತು. ಅದು ನಿಮಗೆಲ್ಲರಿಗೂ ಗೊತ್ತಿರುವ ನುಲಿಯ ಚಂದಯ್ಯ ಶರಣನ ಕಥೆ. ಹಗ್ಗ ಹೊಸೆಯುವುದಕ್ಕಾಗಿ ಕೆರೆಯಲ್ಲಿ ಹುಲ್ಲು ಕೊಯ್ಯುತ್ತಿರುವಾಗ ಆತನ ಲಿಂಗವು ಜಾರಿ ನೀರಿಗೆ ಬಿದ್ದಿತು. ಕಾಯಕದ ಹೊತ್ತು ಮೀರಬಾರದೆಂದು ಆತನು ಹುಲ್ಲಿನ ಹೊರೆಯನ್ನು ಹೊತ್ತು ನಡೆದುಬಿಟ್ಟನು. ಲಿಂಗವೇ ಬೆನ್ನಟ್ಟಿ ಬಂದಿತು! ತನ್ನ ಸೇವೆಯಲ್ಲಿ ನಿಲ್ಲದ ಲಿಂಗವನ್ನು ಚಂದಯ್ಯನು ಸುಲಭವಾಗಿ ಒಪ್ಪಿಕೊಳ್ಳಲಿಲ್ಲ. ಮಡಿವಾಳ ಮಾಚಯ್ಯನವರು ನಡುವೆ ಬರಬೇಕಾಯಿತು. ಲಿಂಗವೂ ಹಗ್ಗ ಮಾರುವ ಕಾಯಕವನ್ನು ಕೈಕೊಳ್ಳಬೇಕಾಯಿತು. ಈ ಕಥೆಯಿಂದ ಲಿಂಗವು ಹೆಚ್ಚಲ್ಲವೆಂದು ತಿಳಿಯಬಾರದು. ಪೂಜೆಯು ಕಾಯಕದಿಂದ ಬೇರೆಯಾಗಿ ನಿಂತರೆ ಅದು ಪೂಜೆಯೇ ಅಲ್ಲವೆಂಬುದು ಇದರ ತಿರುಳು.

ದೋಗೆನ್ನನು ಹುಟ್ಟುವ ಮೊದಲೇ, ಹನ್ನೆರಡನೆಯ ಶತಮಾನದಲ್ಲಿ, ನಮ್ಮ ಕಲ್ಯಾಣದಲ್ಲಿ ಈ ತತ್ವವು ಆಚರಣೆಗೆ ಬಂದಿತ್ತು. ಕಲ್ಯಾಣದವರು ಜಪಾನಿನ ಹೆಸರನ್ನು ಕೇಳಿರಲಿಲ್ಲ; ಜಪಾನಿನವರು ಕಲ್ಯಾಣವನ್ನು ಅರಿತಿರಲಿಲ್ಲ. ಒಬ್ಬರಿಂದ ಒಬ್ಬರು ಎರವಲು ಪಡೆದುದಲ್ಲ. ಬೇರೆ ಬೇರೆ ಊರಿನಲ್ಲಿ ಅಗೆದ ಬಾವಿಗಳಲ್ಲಿಯೂ ನೀರೇ ಬರುವಂತೆ ಇದು. ಒಂದು ಭೇದವಂತೂ ಗಮನಿಸತಕ್ಕದ್ದು. ಅಲ್ಲಿ ಈ ಮಾರ್ಗವು ಮುಖ್ಯವಾಗಿ ಮನೆಮಾರು ಬಿಟ್ಟ ಭಿಕ್ಷುಗಳ ಮಠದಲ್ಲಿ ಬೆಳೆಯಿತು. ಇಲ್ಲಿ ಅದು ಸಂಸಾರಸ್ಥರ ಮನೆಯಲ್ಲಿ ಬೆಳೆಯಿತು. ಮುದನೂರಿನ ದಾಸಿಮಯ್ಯನು ಮಗ್ಗದ ಮುಂದೆ ಶಿವನನ್ನು ಕಂಡವನು. ಆಯ್ದಕ್ಕಿ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ದಿನ, ಅದನ್ನು ಇದ್ದಲ್ಲಿಗೇ ಸುರಿದು ಬಾ ಎಂದು ಹೇಳಿ ಆತನ ಮನಸ್ಸನ್ನು ಎಚ್ಚರಿಸಿದವಳು ಆತನ ಪತ್ನಿ ಲಕ್ಕಮ್ಮನು. ಗಂಡನ ಮನದಲ್ಲಿ ಮೂಡಿದ ಒಂದು ಹಿಡಿ ಆಸೆಯನ್ನು ಒಲೆಯ ಮುಂದೆ ಕುಳಿತೇ ಕಂಡುಹಿಡಿದ ಆ ತಾಯಿಯ ಜಾಗೃತಿಗಿಂತ ಹೆಚ್ಚಿನ ಧ್ಯಾನವು ಯಾವುದಿದ್ದೀತು?

ಇನ್ನು ನಮ್ಮ ಶಿವಯೋಗದ ಕ್ರಮವನ್ನು ನೋಡೋಣ. ಗುರುವು ದೀಕ್ಷೆಯಲ್ಲಿ ಕೊಟ್ಟ ಇಷ್ಟಲಿಂಗವನ್ನು ಎಡದ ಅಂಗೈಯಲ್ಲಿ ಎದೆಗೆದುರಾಗಿ ಹಿಡಿದು, ಬೆನ್ನು ನೆಟ್ಟಗೆ ಮಾಡಿ, ಅರೆದೆರೆದ ಕಣ್ಣುಗಳಿಂದ ಲಿಂಗದ ಕಪ್ಪು ಹೊದಿಕೆಯ ಹೊಳಪಿನಲ್ಲಿ ದೃಷ್ಟಿಯನ್ನು ನಿಲ್ಲಿಸುವುದು. ಉಸಿರನ್ನು ಸಮವಾಗಿಸಿ ಅದರೊಡನೆ ಮಂತ್ರವನ್ನು ಕೂಡಿಸುವುದು. ಮೊದಲು ದೃಷ್ಟಿ ನಿಲ್ಲುವುದು, ಅದರ ಹಿಂದೆ ಉಸಿರು ನಿಲುಗಡೆಗೆ ಬರುವುದು, ಅದರ ಹಿಂದೆ ಮನಸ್ಸು. ಕರದಲ್ಲಿರುವ ಇಷ್ಟಲಿಂಗವು ಪ್ರಾಣದಲ್ಲಿ ಪ್ರಾಣಲಿಂಗವಾಗಿ, ಭಾವದಲ್ಲಿ ಭಾವಲಿಂಗವಾಗಿ ನೆಲೆಗೊಳ್ಳುವುದೇ ಇದರ ಗುರಿ. ಇದಕ್ಕೆ ಪುರೋಹಿತರು ಬೇಡ, ಗುಡಿ ಬೇಡ, ಖರ್ಚು ಬೇಡ. ಒಂದು ಅಂಗೈ ಅಗಲದ ಸ್ಥಳವು ಸಾಕು. ಹೆಣ್ಣುಗಂಡೆಂಬ, ಬಡವಬಲ್ಲಿದರೆಂಬ ಭೇದವಿಲ್ಲದೆ ಎಲ್ಲರ ಕೈಯಲ್ಲಿಯೂ ಇಂಥ ಸಾಧನವನ್ನು ಇಟ್ಟ ಧರ್ಮವು ಅಪರೂಪವಾದುದು.

ಆದರೆ ಎರಡೂ ಒಂದೇ ಎಂದು ಹೇಳಿ ಕಲಸುಮೇಲೋಗರ ಮಾಡುವುದು ನನ್ನ ಉದ್ದೇಶವಲ್ಲ. ಝೆನ್ ಮಾರ್ಗದವರು ದೇವರ ಮಾತನ್ನು ಮುಂದಿಟ್ಟುಕೊಂಡು ಹೋಗುವುದಿಲ್ಲ. ನಮಗೋ ಲಿಂಗದಲ್ಲಿ ಅಂಗವು ಸಮರಸವಾಗುವುದೇ ಪರಮಪದವು. ಅವರೂ ಶೂನ್ಯವೆನ್ನುವರು, ಪ್ರಭುದೇವರ ಪೀಠವೂ ಶೂನ್ಯಸಿಂಹಾಸನವೇ. ಆದರೆ ಬೌದ್ಧರ ಶೂನ್ಯವು ಯಾವ ವಸ್ತುವಿಗೂ ತನ್ನದೇ ಆದ ಸ್ವತಂತ್ರ ಸ್ವಭಾವವಿಲ್ಲವೆಂದು ಸಾರುವುದು. ಶರಣರ ಬಯಲು ಎಲ್ಲವನ್ನೂ ಒಳಗೊಂಡ ಪೂರ್ಣವಸ್ತುವು. ಶಬ್ದವೊಂದಾದೊಡನೆ ಅರ್ಥವೊಂದಾಗದು. ಝೆನ್ನಿನಿಂದ ನಾವು ಕಲಿಯತಕ್ಕದ್ದು ಸಿದ್ಧಾಂತವನ್ನಲ್ಲ. ಅವರ ಶ್ರದ್ಧೆಯನ್ನು, ನಿಯಮವನ್ನು. ಆ ಮಾರ್ಗವನ್ನೇ ಅರಿಯಬೇಕೆಂಬವರಿಗೆ ದೂರ ಹೋಗುವ ಕಾರಣವೂ ಇಲ್ಲ. ತಮಿಳುನಾಡಿನ ಕೊಡೈಕಾನಲ್ಲಿನ ಹತ್ತಿರ ಪೆರುಮಾಳ್‌ಮಲೈಯಲ್ಲಿ ಬೋಧಿ ಝೆಂಡೋ ಎಂಬ ಝೆನ್ ಆಶ್ರಮವನ್ನು ಸ್ಥಾಪಿಸಿದವರು ಅಮಾ ಸಾಮಿಯೆಂಬ ಒಬ್ಬ ಕ್ರೈಸ್ತ ಪಾದ್ರಿಗಳು. ಅವರು ತಮ್ಮ ಮತವನ್ನು ಬಿಡದೆ ಝೆನ್ ಧ್ಯಾನವನ್ನು ಕಲಿತು ಕಲಿಸಿದರು. ಅಂದಮೇಲೆ ಪರರ ಶ್ರದ್ಧೆಯನ್ನು ಕಂಡು ನಮ್ಮ ಶ್ರದ್ಧೆಯನ್ನು ಹೆಚ್ಚಿಸಿಕೊಳ್ಳುವುದಕ್ಕೆ ನಮಗೇಕೆ ಸಂಕೋಚವು?

ಇಂದು ನಮ್ಮ ಸ್ಥಿತಿಯನ್ನು ನೋಡಿದರೆ ಲಿಂಗವು ಕೊರಳಲ್ಲಿದೆ. ಕರಸ್ಥಲಕ್ಕೆ ಬರುವುದು ಹಬ್ಬಹುಣ್ಣಿವೆಗೆ ಮಾತ್ರ. ಬಂದರೂ ಪೂಜೆಯ ಮಣೆಯ ಪಕ್ಕದಲ್ಲಿ ಮೊಬೈಲು ಇರುವುದು. ಅದು ಗುಣುಗುಟ್ಟಿದೊಡನೆ ದೃಷ್ಟಿಯು ಲಿಂಗವನ್ನು ಬಿಟ್ಟು ಅತ್ತ ಹಾರುವುದು. ಎಳೆಯರನ್ನು ಕೇಳಿದರೆ ಹೊತ್ತಿಲ್ಲವೆನ್ನುವರು. ಹೊತ್ತಿಲ್ಲವೆಂಬ ಮಾತನ್ನು ನಾನು ಅರ್ಧವೇ ಒಪ್ಪುವೆನು. ಸೂರ್ಯೋದಯಕ್ಕೆ ಮುಂಚೆ ಇಪ್ಪತ್ತು ನಿಮಿಷಗಳನ್ನು ಕೊಡಲಾರದಷ್ಟು ಬಡತನವು ಯಾರಿಗೂ ಇಲ್ಲ. ಆ ಇಪ್ಪತ್ತು ನಿಮಿಷ ದೃಷ್ಟಿಯನ್ನು ಲಿಂಗದಲ್ಲಿ ನಿಲ್ಲಿಸಿ ಉಸಿರನ್ನು ಗಮನಿಸಿರಿ. ಮನಸ್ಸು ಓಡಿದರೆ ತಪ್ಪಲ್ಲ. ಓಡಿದ್ದನ್ನು ಅರಿತು ಮರಳಿ ಕರೆತರುವುದೇ ಅಭ್ಯಾಸವು. ನೂರು ಸಲ ಓಡಿದರೆ ನೂರು ಸಲ ಕರೆತರಬೇಕು. ಹರಿದ ಎಳೆಗೆ ನೇಕಾರನು ಬೇಸರವಿಲ್ಲದೆ ಗಂಟು ಹಾಕುವನಲ್ಲವೇ? ಅದರಂತೆಯೇ ಇದು.

ಆಮೇಲಿನದು ಹೆಚ್ಚು ಮಹತ್ವದ್ದು. ಲಿಂಗವನ್ನು ಕೊರಳಿಗೆ ಕಟ್ಟಿಕೊಂಡು ಮಣೆಯಿಂದ ಎದ್ದೊಡನೆ ಪೂಜೆಯು ಮುಗಿಯಿತೆಂದು ತಿಳಿಯಬೇಡಿರಿ. ನಮ್ಮೂರಿನ ಮಗ್ಗವು ಇದಕ್ಕೆ ಹೇಳಿ ಮಾಡಿಸಿದ ಪಾಠಶಾಲೆ. ಕುಣಿಯಲ್ಲಿ ಕಾಲಿಳಿಸಿ ಕುಳಿತವನ ಬೆನ್ನು ತಾನಾಗಿಯೇ ನೆಟ್ಟಗಾಗುವುದು. ಕಾಲು ತುಳಿದಾಗ ಹಾಸು ಬಾಯಿ ತೆರೆಯುವುದು, ಲಾಳಿಯು ಹೊಕ್ಕನ್ನು ಎಳೆದುಕೊಂಡು ಹಾಯುವುದು, ಹಣಿಗೆಯು ಬಡಿಯುವುದು. ತುಳಿತ, ಹಾಯಿತ, ಬಡಿತ, ಈ ಮೂರರ ಲಯದೊಡನೆ ಉಸಿರನ್ನೂ ನಾಮವನ್ನೂ ಕೂಡಿಸಿದರೆ ಹಗಲೆಲ್ಲ ಅನುಸಂಧಾನವಾಗುವುದು. ಮನಸ್ಸು ತಪ್ಪಿದ್ದನ್ನು ಬಟ್ಟೆಯೇ ತೋರಿಸಿಕೊಡುವುದು. ತೇರಿನ ಖಣದಲ್ಲಿ ಒಂದು ಎಳೆ ತಪ್ಪಿದರೆ ತೇರು ಓರೆಯಾಗುವುದು. ಸೂಜಿಮಲ್ಲಿಗೆಯ ಖಣದಲ್ಲಿ ತಪ್ಪಿದರೆ ಹೂವು ಒಡೆಯುವುದು. ಗುರುವಿಗೆ ಸುಳ್ಳು ಹೇಳಬಹುದು, ಬಟ್ಟೆಗೆ ಹೇಳಲಾಗದು. ಮಗ್ಗವಿಲ್ಲದವರು ನೊಂದುಕೊಳ್ಳಬೇಕಾಗಿಲ್ಲ. ರೊಟ್ಟಿ ಬಡಿಯುವ ತಾಯಿಗೆ ಅಂಗೈಯ ಬಡಿತವುಂಟು. ಒಕ್ಕಲಿಗನಿಗೆ ಕೂರಿಗೆಯ ಸಾಲುಂಟು. ವ್ಯಾಪಾರಿಗೆ ತಕ್ಕಡಿಯ ಮುಳ್ಳುಂಟು. ಮುಳ್ಳು ನಿಂತ ಮೇಲೆ ತೂಕ ಹೇಳುವುದೇ ವ್ಯಾಪಾರಿಯ ಧ್ಯಾನವು. ಸಿಟ್ಟು ಬಂದಾಗ ಒಂದು ಉಸಿರಿನಷ್ಟು ಹೊತ್ತು ತಡೆದು, ಅನಂತರ ಬಾಯಿ ತೆರೆಯುವುದು ಅದರ ಎರಡನೆಯ ಪಾಠವು. ಈ ಎರಡನೆಯ ಪಾಠವನ್ನು ನಾನು ಈಗಲೂ ಕಲಿಯುತ್ತಿರುವೆನು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ನನ್ನ ಭಾಷಣವು ಕಪಟವಾದೀತು. ಯಂತ್ರದ ಮಗ್ಗದ ಅಗ್ಗದ ಬಟ್ಟೆಯಿಂದ ನಮ್ಮ ಕೈಮಗ್ಗಗಳು ಒಂದೊಂದಾಗಿ ನಿಂತುಹೋಗಿರುವುದನ್ನು ನೀವೆಲ್ಲರೂ ಬಲ್ಲಿರಿ. ಎಷ್ಟೋ ಮನೆಗಳ ಕುಣಿಗಳು ಮುಚ್ಚಿಹೋಗಿವೆ. ಮಕ್ಕಳು ಕೆಲಸವನ್ನರಸಿ ದೊಡ್ಡ ಊರುಗಳಿಗೆ ಹೋಗಿದ್ದಾರೆ. ಹೊಟ್ಟೆ ತುಂಬದ ಮಜೂರಿ ಕೊಟ್ಟು, ನೇಕಾರನಿಗೆ ಶಾಂತಿಯ ಉಪದೇಶ ಮಾಡುವುದು ಧರ್ಮವಲ್ಲ. ಧ್ಯಾನವು ಅನ್ಯಾಯವನ್ನು ನುಂಗಿಕೊಳ್ಳುವುದಕ್ಕೆ ಕೊಡುವ ಔಷಧವಲ್ಲ. ಬಸವಾದಿ ಶರಣರು ಕಾಯಕದ ಪಕ್ಕದಲ್ಲಿಯೇ ದಾಸೋಹವನ್ನಿಟ್ಟದ್ದು ಇದೇ ಕಾರಣದಿಂದ. ದುಡಿಯುವವನು ಮನವಿಟ್ಟು ದುಡಿಯಬೇಕೆಂದು ಹೇಳುವ ಹಕ್ಕು, ದುಡಿತದ ಬೆಲೆಯನ್ನು ಮನವಿಟ್ಟು ಕೊಡುವವನಿಗೆ ಮಾತ್ರ ಇರುವುದು. ನನ್ನಂಥ ವ್ಯಾಪಾರಿಗಳು ಲಿಂಗಪೂಜೆಯಲ್ಲಿ ಕುಳಿತಾಗ ಮೊಟ್ಟಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯು ಇದೇ ಎಂದು ನನಗೆ ತೋರುವುದು.

ನಮ್ಮ ನೆರೆಯಲ್ಲಿಯೇ, ಮಲಪ್ರಭೆಯ ದಂಡೆಯ ಮೇಲೆ, ಹಾನಗಲ್ಲ ಶ್ರೀಕುಮಾರ ಶಿವಯೋಗಿಗಳು 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಅದರ ಹೆಸರನ್ನೇ ವಿಚಾರಿಸಿ ನೋಡಿರಿ. ವಟುಗಳಿಗೆ ಶಾಸ್ತ್ರವನ್ನೂ ಸಂಗೀತವನ್ನೂ ಕಲಿಸಿದ ಆ ಮಹನೀಯರು ತಮ್ಮ ಸಂಸ್ಥೆಗೆ ಶಿವಯೋಗದ ಹೆಸರನ್ನೇ ಇಟ್ಟರು. ಏಕೆಂದರೆ ಯೋಗವಿಲ್ಲದ ವಿದ್ಯೆಯು ಸಮಾಜಕ್ಕೆ ಬೆಳಕು ಕೊಡದೆಂಬುದನ್ನು ಅವರು ಬಲ್ಲವರಾಗಿದ್ದರು. ಅದರಂತೆ ವಿಜಾಪುರದಲ್ಲಿ ಫ. ಗು. ಹಳಕಟ್ಟಿಯವರು ತಾಡವೋಲೆಗಳನ್ನು ಮನೆಮನೆ ಅಲೆದು ಕೂಡಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಒಬ್ಬರು ಸಾಧನೆಯನ್ನು ಉಳಿಸಿದರು, ಇನ್ನೊಬ್ಬರು ನುಡಿಯನ್ನು ಉಳಿಸಿದರು. ಇವೆರಡನ್ನೂ ನಮ್ಮ ಬಾಳಿನಲ್ಲಿ ಕೂಡಿಸುವ ಹೊಣೆಯು ನಮ್ಮದು.

ಆದುದರಿಂದ ಈ ಮಹೋತ್ಸವದ ನೆನಪಿಗಾಗಿ ಶ್ರೀಗಳವರ ಸನ್ನಿಧಿಯಲ್ಲಿ ಒಂದು ಅರಿಕೆಯನ್ನು ಮಾಡಿಕೊಳ್ಳುತ್ತೇನೆ. ವಾರಕ್ಕೊಂದು ಸಲ, ಸೋಮವಾರದ ಬೆಳಗಿನಲ್ಲಿ, ಶ್ರೀಮಠದಲ್ಲಿ ಎಲ್ಲರೂ ಕೂಡಿ ಅರ್ಧ ಗಂಟೆ ಮೌನವಾಗಿ ಲಿಂಗಾನುಸಂಧಾನ ಮಾಡುವ ಪದ್ಧತಿಯಾಗಲಿ. ಭಾಷಣ ಬೇಡ, ಹಾರತುರಾಯಿ ಬೇಡ. ಎಳೆಯರಿಗೆ ಕೂಡ್ರುವ ಬಗೆಯನ್ನೂ ದೃಷ್ಟಿ ನಿಲ್ಲಿಸುವ ಬಗೆಯನ್ನೂ ಶ್ರೀಗಳವರು ಕೈಹಿಡಿದು ಕಲಿಸಲಿ. ಏಕೆಂದರೆ ಇದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಅಲ್ಲಿ ಸಾವ್ಕಾರನೂ ನೇಕಾರನೂ ಒಂದೇ ಚಾಪೆಯ ಮೇಲೆ ಕುಳಿತುಕೊಳ್ಳಲಿ. ಎದ್ದು ಹೋಗುವಾಗ ಯಾರೂ ಪೂಜೆ ಮುಗಿಯಿತೆನ್ನದಿರಲಿ.

ನನ್ನನ್ನು ಎಚ್ಚರಿಸಿದ ಆ ತಾಯಿಯು ಇಂದಿಲ್ಲ; ಲಿಂಗೈಕ್ಯಳಾಗಿರುವಳು. ಅವಳು ಕೇಳಿದ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಇಂದು ಈ ಸಭೆಯಲ್ಲಿ, ಗುರುಗಳೆದುರಿಗೆ ಉತ್ತರಿಸುವೆನು: ಇಲ್ಲ ತಾಯೀ, ಪೂಜೆಯು ಇನ್ನೂ ಆಗಿಲ್ಲ, ಮಾಡುತ್ತಿರುವೆನು.